ನರಿಯ ಬುದ್ಧಿ, ಸಿಂಹದ ಬಲ: ಮೆಕಿಯಾವೆಲ್ಲಿ ಕಂಡ ಅಧಿಕಾರದ ಆಟ

ಪುನರುಜ್ಜೀವನ ಕಾಲದ ಪಾಠ ಬಂದಾಗ ಮಕ್ಕಳು ಪಟಪಟನೆ ಹೇಳುವ ಹೆಸರುಗಳು ಮೂರು: ಲಿಯೊನಾರ್ಡೊ ಡಾ ವಿಂಚಿ, ಮೈಕೆಲೆಂಜೆಲೊ, ರಾಫೆಲ್. ಮೊನಾಲಿಸಾ ಚಿತ್ರವಂತೂ ಎಲ್ಲರಿಗೂ ಗೊತ್ತು. ಅದರ ಕೆಳಗೆಲ್ಲೋ 'ಮೆಕಿಯಾವೆಲ್ಲಿಯು ದಿ ಪ್ರಿನ್ಸ್ ಎಂಬ ಗ್ರಂಥವನ್ನು ಬರೆದನು' ಎಂಬ ಒಂದು ಸಾಲು ಇರುತ್ತದೆ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಬಿಟ್ಟ ಸ್ಥಳ ತುಂಬಿಸಿ ಮುಂದೆ ಹೋಗುತ್ತೇವೆ.

ಆದರೆ ಆ ಒಂದು ಸಾಲು ಐನೂರು ವರ್ಷಗಳಿಂದ ರಾಜರನ್ನೂ ಪೋಪರನ್ನೂ ಪಂಡಿತರನ್ನೂ ಕಾಡಿದೆ. ಇಂದಿಗೂ ಯಾವನಾದರೂ ರಾಜಕಾರಣಿ ಮೋಸದ ದಾರಿಯಿಂದ ಗದ್ದುಗೆ ಹಿಡಿದರೆ ಇಂಗ್ಲಿಷ್ ಪತ್ರಿಕೆಗಳು ಅವನನ್ನು 'ಮೆಕಿಯಾವೆಲಿಯನ್' ಎನ್ನುತ್ತವೆ. ನಮ್ಮ ಪತ್ರಿಕೆಗಳು 'ಚಾಣಕ್ಯ' ಎನ್ನುತ್ತವೆ. ವಿಚಿತ್ರ ನೋಡಿ, ಒಂದೇ ಕೆಲಸಕ್ಕೆ ಅಲ್ಲಿ ಬೈಗುಳ, ಇಲ್ಲಿ ಬಿರುದು!

ಹಾಗಾದರೆ ಈ ಮೆಕಿಯಾವೆಲ್ಲಿ ಯಾರು? ಕುತಂತ್ರದಿಂದ ಅಧಿಕಾರ ಪಡೆಯುವುದು ಸರಿ ಎಂದು ಅವನು ನಿಜವಾಗಿ ಹೇಳಿದನೇ? ಹಾಗೆ ಪಡೆದ ಅಧಿಕಾರ ಉಳಿಯುತ್ತದೆಯೇ? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಅವನ ಕಾಲಕ್ಕೆ ಹೋಗಿ ಬರೋಣ.

ಒಗ್ಗಟ್ಟಿಲ್ಲದ ಇಟಲಿ

ಆಗ ಇಟಲಿ ಎಂಬ ಒಂದು ದೇಶ ಇರಲಿಲ್ಲ. ಮಿಲಾನ್, ವೆನಿಸ್, ಫ್ಲಾರೆನ್ಸ್, ಪೋಪರ ರಾಜ್ಯ ಮತ್ತು ನೇಪಲ್ಸ್ ಎಂಬ ಐದು ದೊಡ್ಡ ರಾಜ್ಯಗಳು, ಇವುಗಳ ನಡುವೆ ಹತ್ತಾರು ಸಣ್ಣ ನಗರಗಳು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. 1454ರಲ್ಲಿ ಲೋದಿ ಎಂಬ ಊರಿನಲ್ಲಿ ಒಂದು ಶಾಂತಿ ಒಪ್ಪಂದವಾಯಿತು (ದಿಲ್ಲಿಯ ಲೋದಿಗಳಿಗೂ ಈ ಲೋದಿಗೂ ಸಂಬಂಧವಿಲ್ಲ!). ಅದರ ಬಲದಿಂದ ಸುಮಾರು 40 ವರ್ಷ ತಕ್ಕಮಟ್ಟಿಗೆ ನೆಮ್ಮದಿ ಇತ್ತು. ನಾವು ಮೆಚ್ಚುವ ಚಿತ್ರಗಳು, ಶಿಲ್ಪಗಳು, ಗುಮ್ಮಟಗಳು ಅನೇಕ ಹುಟ್ಟಿದ್ದು ಆ ನೆಮ್ಮದಿಯಲ್ಲಿಯೇ.

1494ರಲ್ಲಿ ಫ್ರಾನ್ಸಿನ ದೊರೆ ಎಂಟನೇ ಚಾರ್ಲ್ಸ್ ಆಲ್ಪ್ಸ್ ಪರ್ವತ ದಾಟಿ ಫಿರಂಗಿಗಳೊಂದಿಗೆ ಬಂದ. ಚಿತ್ರ ಬರೆಯಿಸುವುದರಲ್ಲಿ, ಕವಿತೆ ಓದಿಸುವುದರಲ್ಲಿ ನಿಪುಣರಾಗಿದ್ದ ಇಟಲಿಯ ಪ್ರಭುಗಳು ಅವನೆದುರು ತರಗೆಲೆಯಂತೆ ಹಾರಿಹೋದರು. ಕಾರಣ ಏನು? ಅವರ ಬಳಿ ಸ್ವಂತ ಸೈನ್ಯ ಇರಲಿಲ್ಲ. ಕರಾರಿನ ಮೇಲೆ ಬರುವ ಬಾಡಿಗೆ ದಂಡಿನ ನಾಯಕರನ್ನು ನಂಬಿಕೊಂಡಿದ್ದರು. ಈ ನಾಯಕರನ್ನು ಅಲ್ಲಿ 'ಕೊಂದೊತ್ತಿಯೇರಿ' ಎನ್ನುತ್ತಿದ್ದರು. 'ಕೊಂದೊತ್ತಾ' ಎಂದರೆ ಕರಾರು. ಹಣ ಕೊಟ್ಟವನ ಪರ ಯುದ್ಧ, ಹೆಚ್ಚು ಕೊಟ್ಟರೆ ಅತ್ತ ಕಡೆ ಯುದ್ಧ. ಅವರಿಗೆ ಯುದ್ಧ ಮುಗಿಯುವುದು ಬೇಕಿಲ್ಲ, ಮುಗಿದರೆ ಸಂಬಳ ನಿಂತುಹೋಗುತ್ತದಲ್ಲ!

ಫ್ಲಾರೆನ್ಸಿನಲ್ಲಿ ಆಗ ಮೆಡಿಚಿ ಮನೆತನದ ಆಳ್ವಿಕೆ. ಹೆಸರಿಗೆ ಗಣರಾಜ್ಯ, ಒಳಗೆಲ್ಲ ಈ ಸಾಹುಕಾರ ಮನೆತನದ್ದೇ ಮಾತು. ಫ್ರೆಂಚರು ಬಂದಾಗ ಜನ ಮೆಡಿಚಿಗಳನ್ನು ಓಡಿಸಿದರು. ಅನಂತರ ನಾಲ್ಕು ವರ್ಷ ಸವೊನರೋಲಾ ಎಂಬ ಸನ್ಯಾಸಿಯ ಮಾತು ನಡೆಯಿತು. ಅವನ ಉಪದೇಶ ಕೇಳಿ ಜನ ತಮ್ಮ ಒಡವೆ, ಕನ್ನಡಿ, ಚಿತ್ರಗಳನ್ನು ತಂದು ಬೀದಿಯಲ್ಲಿ ಸುಟ್ಟರು. 1498ರ ಮೇ 23ರಂದು ಅದೇ ಊರಿನ ಚೌಕದಲ್ಲಿ ಅವನನ್ನೇ ಗಲ್ಲಿಗೇರಿಸಿ ಸುಟ್ಟರು. ಇದಾದ ಕೆಲವೇ ವಾರಗಳಲ್ಲಿ 29 ವರ್ಷದ ಒಬ್ಬ ತರುಣ ಫ್ಲಾರೆನ್ಸ್ ಸರ್ಕಾರದಲ್ಲಿ ಕಾರ್ಯದರ್ಶಿಯಾಗಿ ನೇಮಕವಾದ. ಅವನೇ ನಿಕೊಲೊ ಮೆಕಿಯಾವೆಲ್ಲಿ.

ಸವೊನರೋಲಾನ ಅಂತ್ಯದಿಂದ ಅವನು ಕಲಿತ ಪಾಠವನ್ನು ಮುಂದೆ ಬರೆದಿದ್ದಾನೆ. ಆಯುಧವಿಲ್ಲದ ಪ್ರವಾದಿಗಳು ಸೋಲುತ್ತಾರೆ ಎಂಬುದು ಅದರ ಸಾರಾಂಶ. ಜನರನ್ನು ಒಂದು ಮಾತು ನಂಬಿಸುವುದು ಸುಲಭ, ಆ ನಂಬಿಕೆಯಲ್ಲೇ ನಿಲ್ಲಿಸುವುದು ಕಷ್ಟ.

ಕುತಂತ್ರದ ಶಾಲೆ

ಮೆಕಿಯಾವೆಲ್ಲಿ ಹುಟ್ಟಿದ್ದು 1469ರ ಮೇ 3ರಂದು. ತಂದೆ ವಕೀಲಿಕೆ ಓದಿದ್ದವರು, ಕೈಯಲ್ಲಿ ಹಣ ಕಡಿಮೆ, ಮನೆಯಲ್ಲಿ ಪುಸ್ತಕಗಳಿದ್ದವು. ಕಾರ್ಯದರ್ಶಿಯ ಕೆಲಸ ಎಂದರೆ ಪತ್ರ ಬರೆಯುವುದು, ಯುದ್ಧದ ಖರ್ಚು ನೋಡುವುದು, ಪರರಾಜ್ಯಗಳಿಗೆ ಹೋಗಿ ಅಲ್ಲಿನ ಸುದ್ದಿ ತಿಳಿಸುವುದು. 14 ವರ್ಷ ಈ ಕೆಲಸ ಮಾಡಿದ. ಫ್ರಾನ್ಸಿನ ದೊರೆ, ಜರ್ಮನಿಯ ಚಕ್ರವರ್ತಿ, ಪೋಪ್ ಎಲ್ಲರನ್ನೂ ಹತ್ತಿರದಿಂದ ಕಂಡ. ಆದರೆ ಅವನ ಮೇಲೆ ಎಲ್ಲರಿಗಿಂತ ಹೆಚ್ಚು ಪ್ರಭಾವ ಬೀರಿದವನು ತನಗಿಂತ ಆರೇಳು ವರ್ಷ ಕಿರಿಯನಾದ ಚೆಸರೆ ಬೋರ್ಜಿಯಾ.

ಈ ಚೆಸರೆ ಪೋಪ್ ಆರನೇ ಅಲೆಕ್ಸಾಂಡರನ ಮಗ. (ಪೋಪರಿಗೆ ಮಗನೇ ಎಂದು ಮಕ್ಕಳು ಕೇಳುತ್ತಾರೆ. ಆ ಕಾಲದಲ್ಲಿ ಇದೆಲ್ಲ ನಡೆಯುತ್ತಿತ್ತು.) ತಂದೆ ಮಗನನ್ನು ಹದಿಹರೆಯದಲ್ಲೇ ಕಾರ್ಡಿನಲ್ ಮಾಡಿದ. 1498ರಲ್ಲಿ ಚೆಸರೆ ಆ ಪದವಿಯನ್ನು ಬಿಟ್ಟು ಕತ್ತಿ ಹಿಡಿದ. ಫ್ರಾನ್ಸಿನ ದೊರೆಯಿಂದ ಡ್ಯೂಕ್ ಪದವಿ, ಸೈನ್ಯ ಎರಡೂ ಸಿಕ್ಕವು. ರೊಮಾನ್ಯಾ ಎಂಬ ಪ್ರಾಂತ್ಯದ ನಗರಗಳನ್ನು ಒಂದೊಂದಾಗಿ ನುಂಗತೊಡಗಿದ. 1502ರ ಜೂನಿನಲ್ಲಿ ಉರ್ಬಿನೊ ನಗರವನ್ನು ಹಿಡಿದ ರೀತಿಯೇ ಅವನ ಗುಣ ಹೇಳುತ್ತದೆ. ಅಲ್ಲಿನ ಪ್ರಭುವನ್ನು ಸ್ನೇಹಿತನಂತೆ ಕೇಳಿ ಫಿರಂಗಿಗಳನ್ನು ಎರವಲು ಪಡೆದ. ಅವು ಕೈಗೆ ಬಂದ ಮೇಲೆ ಅದೇ ಊರಿನ ಮೇಲೆ ಬಿದ್ದ. ಪ್ರಭು ರಾತ್ರೋರಾತ್ರಿ ಓಡಿ ಜೀವ ಉಳಿಸಿಕೊಂಡ.

ಮುಂದಿನ ಸರದಿ ತಮ್ಮದೇ ಇರಬಹುದು ಎಂದು ಫ್ಲಾರೆನ್ಸಿಗೆ ಭಯ. ಚೆಸರೆಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಮೆಕಿಯಾವೆಲ್ಲಿಯನ್ನು ಕಳಿಸಿದರು. 1502ರ ಅಕ್ಟೋಬರಿನಿಂದ ಮುಂದಿನ ಜನವರಿಯವರೆಗೆ ಅವನು ಚೆಸರೆಯ ಬೆನ್ನು ಹತ್ತಿ ತಿರುಗಿದ. ಅದೇ ವರ್ಷ ಲಿಯೊನಾರ್ಡೊ ಡಾ ವಿಂಚಿಯೂ ಚೆಸರೆಯ ಕೈಕೆಳಗೆ ಕೋಟೆಗಳ ಎಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದ. ಅವನು ಬರೆದ ಇಮೋಲಾ ಊರಿನ ನಕ್ಷೆ ಇಂದಿಗೂ ಇದೆ. ಕಲಾವಿದ, ಚಿಂತಕ, ಕೊಲೆಗಾರ ಮೂವರೂ ಒಂದೇ ಪರಿವಾರದಲ್ಲಿ! ಪುನರುಜ್ಜೀವನ ಎಂದರೆ ಬರೀ ಚಿತ್ರಕಲೆ ಎಂದುಕೊಂಡವರು ಈ ಮಾತನ್ನು ನೆನಪಿಡಬೇಕು.

ಸೆನಿಗಾಲಿಯಾದ ಬಲೆ

ಅದೇ ಅಕ್ಟೋಬರಿನಲ್ಲಿ ಚೆಸರೆಯ ಸ್ವಂತ ದಂಡನಾಯಕರೇ ಅವನ ವಿರುದ್ಧ ಸಂಚು ಹೂಡಿದರು. ಮಾಜಿಯೋನೆ ಎಂಬ ಊರಿನಲ್ಲಿ ಸೇರಿದ ಈ ಗುಂಪಿನಲ್ಲಿ ವಿಟೆಲ್ಲೊಜೊ ವಿಟೆಲ್ಲಿ, ಫೆರ್ಮೊ ಊರಿನ ಒಲಿವೆರೊತ್ತೊ, ಒರ್ಸೀನಿ ಮನೆತನದವರು, ಪೆರೂಜಾದ ಬಾಲ್ಯೋನಿ ಇದ್ದರು. ಬೊಲೋನ್ಯಾ ಮತ್ತು ಸಿಯೆನಾದ ಪ್ರಭುಗಳ ಬೆಂಬಲವೂ ಇತ್ತು. ಉರ್ಬಿನೊ ತಿರುಗಿ ಬಿತ್ತು. ಆ ಕ್ಷಣದಲ್ಲಿ ಅವರೆಲ್ಲ ಒಟ್ಟಾಗಿ ನುಗ್ಗಿದ್ದರೆ ಚೆಸರೆಯ ಕತೆ ಮುಗಿಯುತ್ತಿತ್ತು. ಅವರು ನುಗ್ಗಲಿಲ್ಲ. ಮಾತುಕತೆಗೆ ಕೂತರು.

ಇಲ್ಲಿಂದ ಮುಂದೆ ನಡೆದದ್ದನ್ನು ನಮ್ಮ ಸಾಮ, ದಾನ, ಭೇದ, ದಂಡಗಳ ಲೆಕ್ಕದಲ್ಲಿ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಮೊದಲು ಸಾಮ: 'ಆದದ್ದು ಆಯಿತು, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ' ಎಂಬ ಧಾಟಿಯಲ್ಲಿ ಮಾತು. ಆಮೇಲೆ ದಾನ: ಸಂಧಾನಕ್ಕೆ ಬಂದ ಪಾವೊಲೊ ಒರ್ಸೀನಿಗೆ ಹಣ, ಬಟ್ಟೆ, ಕುದುರೆ. ನಂತರ ಭೇದ: ಬೊಲೋನ್ಯಾದ ಪ್ರಭುವಿನೊಂದಿಗೆ ಬೇರೆಯಾಗಿಯೇ ಒಪ್ಪಂದ. ಒಳಗೊಳಗೆ ಫ್ರೆಂಚ್ ಸಹಾಯ ತರಿಸಿಕೊಳ್ಳುತ್ತ, ಹೊಸ ಸೈನ್ಯ ಕಟ್ಟುತ್ತ ಸಮಯ ತಳ್ಳಿದ. ಆಮೇಲೆ ನಾಯಕರಿಗೆ ಸಂಶಯ ಬಾರದಿರಲೆಂದು ಡಿಸೆಂಬರಿನಲ್ಲಿ ಫ್ರೆಂಚ್ ಪಡೆಯನ್ನು ಎಲ್ಲರಿಗೂ ಕಾಣುವಂತೆ ವಾಪಸು ಕಳಿಸಿಬಿಟ್ಟ.

ದಂಡನಾಯಕರು ರಾಜಿಯ ಗುರುತಾಗಿ ಸೆನಿಗಾಲಿಯಾ ಎಂಬ ಕಡಲತೀರದ ಊರನ್ನು ಅವನಿಗಾಗಿ ಗೆದ್ದುಕೊಟ್ಟರು. ಕೋಟೆಯ ಅಧಿಕಾರಿ ಮಾತ್ರ 'ಡ್ಯೂಕ್ ಸ್ವತಃ ಬಂದರೆ ಬೀಗದಕೈ ಕೊಡುತ್ತೇನೆ' ಎಂದನಂತೆ. ಚೆಸರೆ ಹೊರಟ. ತನ್ನ ಸೈನ್ಯಕ್ಕೆ ಊರೊಳಗೆ ಜಾಗ ಬೇಕು, ನಿಮ್ಮ ಸೈನ್ಯವನ್ನು ಹೊರಗಿನ ಹಳ್ಳಿಗಳಲ್ಲಿ ಇಡಿ ಎಂದು ಹೇಳಿ ಕಳಿಸಿದ. ಅವರು ಹಾಗೇ ಮಾಡಿದರು. ಒಲಿವೆರೊತ್ತೊನ ಪಡೆ ಮಾತ್ರ ಊರ ಬಳಿ ಉಳಿಯಿತು.

1502ರ ಡಿಸೆಂಬರ್ 31. ವಿಟೆಲ್ಲೊಜೊ ಮತ್ತು ಇಬ್ಬರು ಒರ್ಸೀನಿಗಳು ಆಯುಧವಿಲ್ಲದೆ ಹೇಸರಗತ್ತೆಗಳ ಮೇಲೆ ಎದುರುಗೊಳ್ಳಲು ಬಂದರು. ಚೆಸರೆ ನಗುನಗುತ್ತ ಬರಮಾಡಿಕೊಂಡ. ಅವರ ಎರಡೂ ಮಗ್ಗುಲಿಗೆ ತನ್ನ ಜನರನ್ನು ಮೊದಲೇ ಗೊತ್ತುಮಾಡಿದ್ದ. ಅವರು ಮಾತಾಡಿಸುತ್ತ ಆಚೀಚೆ ಸರಿಯದಂತೆ ನೋಡಿಕೊಂಡರು. ಒಲಿವೆರೊತ್ತೊ ಕಾಣಲಿಲ್ಲ. ಚೆಸರೆ ಕಣ್ಸನ್ನೆ ಮಾಡಿದ. ಅವನ ಬಂಟ ಮಿಕೆಲೆ ಹೋಗಿ, 'ನಿನ್ನ ಸೈನಿಕರನ್ನು ಬಿಡಾರಕ್ಕೆ ಕಳಿಸು, ಇಲ್ಲದಿದ್ದರೆ ನಮ್ಮವರು ಆ ಜಾಗ ಹಿಡಿದುಬಿಡುತ್ತಾರೆ, ನೀನು ಬಂದು ಡ್ಯೂಕರನ್ನು ಕಾಣು' ಎಂದು ನಯವಾಗಿ ಹೇಳಿ ಕರೆತಂದ. ಎಲ್ಲರೂ ಒಟ್ಟಿಗೆ ಊರೊಳಗೆ ಹೋಗಿ ಡ್ಯೂಕನ ಬಿಡಾರದಲ್ಲಿ ಇಳಿದರು. ಒಳಕೋಣೆಗೆ ಕಾಲಿಟ್ಟ ಕೂಡಲೇ ಸೆರೆಯಾದರು. ಅದೇ ರಾತ್ರಿ ವಿಟೆಲ್ಲೊಜೊ ಮತ್ತು ಒಲಿವೆರೊತ್ತೊನನ್ನು ಕುತ್ತಿಗೆ ಹಿಸುಕಿ ಕೊಂದರು. ಒರ್ಸೀನಿಗಳಿಬ್ಬರ ಸರದಿ ಜನವರಿ 18ರಂದು ಬಂತು. ಇದು ದಂಡ.

ಮೆಕಿಯಾವೆಲ್ಲಿ ಅಂದು ಸೆನಿಗಾಲಿಯಾಕ್ಕೇ ಬಂದಿದ್ದ. ರಾತ್ರಿ ಚೆಸರೆ ಅವನನ್ನು ಕರೆಸಿ ಪ್ರಸನ್ನವದನನಾಗಿ ಮಾತಾಡಿದ. ಮುಂದೆ ಮೆಕಿಯಾವೆಲ್ಲಿ ಈ ಘಟನೆಯ ಬಗ್ಗೆಯೇ ಒಂದು ಪ್ರತ್ಯೇಕ ಬರಹ ಬರೆದ. ಅದರಲ್ಲಿ ಅಯ್ಯೋ ಎಂಬ ಉದ್ಗಾರವಿಲ್ಲ, ಭಲೇ ಎಂಬ ಮೆಚ್ಚುಗೆಯೂ ಇಲ್ಲ. ವೈದ್ಯರು ರೋಗದ ಲಕ್ಷಣ ಬರೆದುಕೊಂಡ ಹಾಗಿದೆ.

ಇಲ್ಲಿ ಇನ್ನೊಂದು ಮಾತು. ಒಲಿವೆರೊತ್ತೊ ಪಾಪದವನೇನಲ್ಲ. ತಂದೆಯಿಲ್ಲದ ಅವನನ್ನು ಸೋದರಮಾವ ಸಾಕಿ ಬೆಳೆಸಿದ್ದ. ಅದೇ ಮಾವನನ್ನೂ ಫೆರ್ಮೊ ಊರಿನ ಹಿರಿಯರನ್ನೂ ಔತಣಕ್ಕೆ ಕರೆದು, ಊಟವಾದ ಮೇಲೆ ಒಳಕೋಣೆಗೆ ಕರೆದೊಯ್ದು ಕೊಲ್ಲಿಸಿ ಊರಿನ ಒಡೆಯನಾಗಿದ್ದ. ಅದಾಗಿ ಒಂದು ವರ್ಷಕ್ಕೆ ಅವನೂ ಒಂದು ಒಳಕೋಣೆಗೆ ಹೋಗಿ ಹೊರಗೆ ಬರಲಿಲ್ಲ. ಇತ್ತ ಬಾಲ್ಯೋನಿ ಸೆನಿಗಾಲಿಯಾಕ್ಕೆ ಬರಲೇ ಇಲ್ಲ, ಬದುಕಿದ. ಆದರೆ 1520ರಲ್ಲಿ ಪೋಪ್ ಹತ್ತನೇ ಲಿಯೋ ಅಭಯ ಕೊಟ್ಟು ರೋಮಿಗೆ ಕರೆಸಿದಾಗ ನಂಬಿ ಹೋದ. ಅಲ್ಲಿ ತಲೆ ಹೋಯಿತು.

ರಮೀರೊನ ಕತೆ

ಸೆನಿಗಾಲಿಯಾಕ್ಕೆ ಐದು ದಿನ ಮೊದಲು ಇನ್ನೊಂದು ಘಟನೆ ನಡೆಯಿತು. ರೊಮಾನ್ಯಾ ಕಳ್ಳಕಾಕರ, ಹೊಡೆದಾಟಗಳ ಸೀಮೆಯಾಗಿತ್ತು. ಅಲ್ಲಿ ಶಿಸ್ತು ತರಲು ಚೆಸರೆ ರಮೀರೊ ಎಂಬ ಕ್ರೂರ ಅಧಿಕಾರಿಯನ್ನು ಪೂರ್ಣ ಅಧಿಕಾರ ಕೊಟ್ಟು ನೇಮಿಸಿದ್ದ. ಅವನು ಬೇಗನೆ ಶಾಂತಿ ತಂದ, ಜನರ ದ್ವೇಷವನ್ನೂ ಗಳಿಸಿದ. ಆಗ ಚೆಸರೆ, ಕ್ರೌರ್ಯ ನನ್ನದಲ್ಲ, ಇವನದು ಎಂದು ತೋರಿಸಬೇಕೆಂದು ನಿಶ್ಚಯಿಸಿದ. ಡಿಸೆಂಬರ್ 26ರ ಬೆಳಿಗ್ಗೆ ಚೆಸೇನಾ ಊರಿನ ಚೌಕದಲ್ಲಿ ರಮೀರೊನ ದೇಹ ಎರಡು ತುಂಡಾಗಿ ಬಿದ್ದಿತ್ತು, ಪಕ್ಕದಲ್ಲಿ ಒಂದು ಮರದ ದಿಮ್ಮಿ ಮತ್ತು ರಕ್ತ ಹತ್ತಿದ ಕತ್ತಿ. ಜನರಿಗೆ ಸಮಾಧಾನವೂ ಆಯಿತು, ದಿಗಿಲೂ ಆಯಿತು ಎಂದು ಮೆಕಿಯಾವೆಲ್ಲಿ ಬರೆಯುತ್ತಾನೆ.

ಈ ಕತೆ ಹೇಳಿದಾಗ ಒಮ್ಮೆ ಒಬ್ಬ ಹುಡುಗ, 'ಮಾಡ್ಸಿದೋನೇ ಕೊಂದ್ನಾ ಸರ್?' ಎಂದ. ಇನ್ನೊಬ್ಬ, 'ಹಾಗಾದ್ರೆ ಮೋಸ ಮಾಡಿದ್ರೆ ತಪ್ಪಿಲ್ವಾ ಸರ್?' ಎಂದ. ಎರಡನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಕತೆಯನ್ನು ಪೂರ್ತಿ ಹೇಳಬೇಕು. ಅರ್ಧಕ್ಕೆ ನಿಲ್ಲಿಸಿದರೆ ಚೆಸರೆ ಗೆದ್ದವನ ಹಾಗೆ ಕಾಣುತ್ತಾನೆ.

ಮೋಸಗಾರನೂ ಮೋಸಹೋದ

1503ರ ಆಗಸ್ಟ್ 18ರಂದು ತಂದೆ ಪೋಪ್ ಅಲೆಕ್ಸಾಂಡರ್ ತೀರಿಹೋದ. ಅದೇ ಹೊತ್ತಿಗೆ ಚೆಸರೆಯೂ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ. ಮುಂದೆ ಬಂದ ಪೋಪ್ ಒಂದು ತಿಂಗಳೂ ಬದುಕಲಿಲ್ಲ. ಮತ್ತೆ ಚುನಾವಣೆ. ಬೋರ್ಜಿಯಾ ಮನೆತನದ ಹಳೆಯ ವೈರಿಯಾದ ಕಾರ್ಡಿನಲ್ ಜೂಲಿಯಾನೊ ಚೆಸರೆಯ ಬಳಿ ಬಂದು, 'ನಿನ್ನ ಕಡೆಯ ಮತಗಳನ್ನು ನನಗೆ ಕೊಡಿಸು, ನಿನ್ನ ಸ್ಥಾನ ಉಳಿಸುತ್ತೇನೆ' ಎಂಬ ಭರವಸೆ ಕೊಟ್ಟ. ಇಟಲಿಯ ಮಹಾ ಮೋಸಗಾರ ಈ ಮಾತನ್ನು ನಂಬಿದ! 1503ರ ನವೆಂಬರ್ 1ರಂದು ಜೂಲಿಯಾನೊ ಎರಡನೇ ಜೂಲಿಯಸ್ ಎಂಬ ಹೆಸರಿನಿಂದ ಪೋಪ್ ಆದ. ತಿಂಗಳೊಳಗೆ ಚೆಸರೆ ಕೈದಿಯಾದ.

ಮೆಕಿಯಾವೆಲ್ಲಿ ಆಗ ರೋಮಿನಲ್ಲಿ ಇದನ್ನೂ ಕಣ್ಣಾರೆ ಕಂಡ. ವರ್ಷದ ಹಿಂದೆ ಯಾರ ಮನಸ್ಸನ್ನು ಓದಲು ಒದ್ದಾಡಿದ್ದನೋ ಆ ಮನುಷ್ಯ ಈಗ ಗೊಂದಲದಲ್ಲಿ ಬಡಬಡಿಸುತ್ತಿದ್ದ. ದೊಡ್ಡವರು ಹೊಸ ಉಪಕಾರ ಕಂಡು ಹಳೆಯ ಗಾಯ ಮರೆಯುತ್ತಾರೆ ಎಂದು ನಂಬುವವನು ಕೆಡುತ್ತಾನೆ ಎಂಬುದು ಮೆಕಿಯಾವೆಲ್ಲಿ ತೆಗೆದ ತೀರ್ಮಾನ. ಚೆಸರೆಯನ್ನು ಮುಂದೆ ಸ್ಪೇನಿಗೆ ಸಾಗಿಸಿದರು. ಅಲ್ಲಿನ ಸೆರೆಯಿಂದ 1506ರಲ್ಲಿ ತಪ್ಪಿಸಿಕೊಂಡ. 1507ರ ಮಾರ್ಚ್ 12ರಂದು ವಿಯಾನಾ ಎಂಬ ಊರಿನ ಬಳಿ ಒಂದು ಸಣ್ಣ ಕಾಳಗದಲ್ಲಿ ಸತ್ತ. ಆಗ ಅವನಿಗೆ ಸುಮಾರು 31 ವರ್ಷ.

ಆದರೆ ಒಂದು ಸಂಗತಿ ಗಮನಿಸಬೇಕು. ಪೋಪ್ ಸತ್ತ ಮೇಲೆ ಎಲ್ಲೆಡೆ ಅವನ ಆಳ್ವಿಕೆ ಕುಸಿದರೂ ರೊಮಾನ್ಯಾದ ಜನ ಒಂದು ತಿಂಗಳಿಗೂ ಹೆಚ್ಚು ಕಾಲ ಅವನಿಗಾಗಿ ಕಾದರು ಎಂದು ಮೆಕಿಯಾವೆಲ್ಲಿ ಹೇಳುತ್ತಾನೆ. ಏಕೆ? ಅವನು ಅಲ್ಲಿ ಒಂದು ನ್ಯಾಯಾಲಯ ಸ್ಥಾಪಿಸಿದ್ದ. ಪ್ರತಿ ಊರಿಗೂ ಅದರಲ್ಲಿ ಒಬ್ಬ ವಕೀಲನಿದ್ದ. ಜನರಿಗೆ ಮೊದಲ ಸಲ ನ್ಯಾಯದ ರುಚಿ ಹತ್ತಿತ್ತು. ಎಂದರೆ, ಅವನಿಗೆ ಅಧಿಕಾರ ತಂದುಕೊಟ್ಟದ್ದು ಕುತಂತ್ರ ಇರಬಹುದು, ಕಷ್ಟಕಾಲದಲ್ಲಿ ಅಷ್ಟು ದಿನವಾದರೂ ನಿಲ್ಲಿಸಿದ್ದು ಒಳ್ಳೆಯ ಆಡಳಿತ.

ಕೆಲಸ ಹೋಯಿತು, ಪುಸ್ತಕ ಹುಟ್ಟಿತು

ಮೆಕಿಯಾವೆಲ್ಲಿಯ ಗಣರಾಜ್ಯದ ಮುಖ್ಯಸ್ಥ ಪಿಯೆರೊ ಸೊದೆರೀನಿ ಒಳ್ಳೆಯ ಮನುಷ್ಯ. ತಾಳ್ಮೆ ಮತ್ತು ಒಳ್ಳೆಯತನದಿಂದ ವೈರಿಗಳನ್ನು ಗೆಲ್ಲಬಹುದು ಎಂದು ನಂಬಿದ್ದ. 1512ರಲ್ಲಿ ಸ್ಪೇನಿನ ಸೈನ್ಯದ ಬಲದಿಂದ ಮೆಡಿಚಿಗಳು ಮರಳಿ ಬಂದರು. ಸಮೀಪದ ಪ್ರಾತೊ ಊರು ಕೊಳ್ಳೆಹೋಯಿತು. ಅದನ್ನು ಕಾಯುತ್ತಿದ್ದವರು ಮೆಕಿಯಾವೆಲ್ಲಿಯೇ ಆಸ್ಥೆಯಿಂದ ಕಟ್ಟಿದ್ದ ಊರ ಜನರ ಸೈನ್ಯದವರು, ಅವರು ನಿಲ್ಲಲಿಲ್ಲ. ಸೊದೆರೀನಿ ಓಡಿಹೋದ. ನವೆಂಬರಿನಲ್ಲಿ ಮೆಕಿಯಾವೆಲ್ಲಿಯನ್ನು ಕೆಲಸದಿಂದ ತೆಗೆದರು. 1513ರ ಫೆಬ್ರವರಿಯಲ್ಲಿ ಒಂದು ಸಂಚಿನ ಆರೋಪದಲ್ಲಿ ಹಿಡಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಹಗ್ಗದಿಂದ ಮೇಲೆಳೆದು ಒಮ್ಮೆಲೇ ಕೆಳಗೆ ಬಿಡುವ ಶಿಕ್ಷೆ ಕೊಟ್ಟರು, ಆರು ಸಲ. ಅವನು ಏನನ್ನೂ ಒಪ್ಪಿಕೊಳ್ಳಲಿಲ್ಲ. ಮಾರ್ಚಿನಲ್ಲಿ ಮೆಡಿಚಿ ಮನೆತನದವನೇ ಪೋಪ್ ಆದಾಗ, ಆ ಸಂಭ್ರಮದ ಕ್ಷಮಾದಾನದಲ್ಲಿ ಬಿಡುಗಡೆಯಾಯಿತು.

ಊರ ಹೊರಗಿನ ಸಣ್ಣ ಜಮೀನಿಗೆ ಹೋಗಿ ನೆಲೆಸಿದ. ಅಲ್ಲಿನ ದಿನಚರಿಯನ್ನು 1513ರ ಡಿಸೆಂಬರ್ 10ರಂದು ಗೆಳೆಯ ವೆತ್ತೋರಿಗೆ ಬರೆದ ಕಾಗದದಲ್ಲಿ ವರ್ಣಿಸಿದ್ದಾನೆ. ಬೆಳಿಗ್ಗೆ ಮರ ಕಡಿಯುವವರೊಂದಿಗೆ ಜಗಳ, ಮಧ್ಯಾಹ್ನ ಹೆದ್ದಾರಿಯ ಛತ್ರದಲ್ಲಿ ಕಟುಕ, ಹಿಟ್ಟಿನ ಗಿರಣಿಯವನ ಜತೆ ಎಲೆಯಾಟ, ಬಿಡಿಕಾಸಿಗೆ ಕೂಗಾಟ. ಸಂಜೆ ಮನೆಗೆ ಬಂದು ಕೆಸರಾದ ಬಟ್ಟೆ ಕಳಚಿ, ಆಸ್ಥಾನಕ್ಕೆ ಹೋಗುವ ಉಡುಪು ತೊಟ್ಟು, ಓದುವ ಕೋಣೆಗೆ ಹೋಗುತ್ತಿದ್ದ. ನಾಲ್ಕು ತಾಸು ಪ್ರಾಚೀನರ ಗ್ರಂಥಗಳೊಂದಿಗೆ ಮಾತುಕತೆ. ಆಗ ಬಡತನದ ಭಯವಿಲ್ಲ, ಸಾವಿನ ಭಯವಿಲ್ಲ. ಆ ರಾತ್ರಿಗಳಲ್ಲಿ ಹುಟ್ಟಿದ್ದು 26 ಸಣ್ಣ ಅಧ್ಯಾಯಗಳ 'ದಿ ಪ್ರಿನ್ಸ್'. ಅದನ್ನು ಅರ್ಪಿಸಿದ್ದು, ತನ್ನ ಕೈ ತಿರುಚಿದ ಮೆಡಿಚಿ ಮನೆತನಕ್ಕೇ! ಕೆಲಸ ಬೇಕಾಗಿತ್ತು. ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು.

ನರಿ ಮತ್ತು ಸಿಂಹ

ಆ ಕಾಲದಲ್ಲಿ ರಾಜರಿಗೆ ಬುದ್ಧಿ ಹೇಳುವ ಪುಸ್ತಕಗಳು ಬೇಕಾದಷ್ಟಿದ್ದವು. ರಾಜ ಸತ್ಯವಂತನಾಗಿರಬೇಕು, ದಾನಿಯಾಗಿರಬೇಕು, ಕರುಣಾಳುವಾಗಿರಬೇಕು ಎಂದೇ ಎಲ್ಲ ಹೇಳುತ್ತಿದ್ದವು. ಎರಾಸ್ಮಸ್‌ನ ಕ್ರಿಶ್ಚಿಯನ್ ರಾಜನ ಶಿಕ್ಷಣದ ಪುಸ್ತಕವೂ ಥಾಮಸ್ ಮೋರನ 'ಯುಟೋಪಿಯಾ'ವೂ ಬಂದದ್ದು 1516ರಲ್ಲಿ, ಮೆಕಿಯಾವೆಲ್ಲಿ ಬರೆದ ಮೂರೇ ವರ್ಷಕ್ಕೆ. ಮೆಕಿಯಾವೆಲ್ಲಿ ಮಾತ್ರ ಇರಬೇಕಾದ ರಾಜನನ್ನು ಬಿಟ್ಟು ಇರುವ ರಾಜನನ್ನು ನೋಡಿದ.

ರೋಮಿನ ಸಿಸೆರೊ ಬಹಳ ಹಿಂದೆ ಹೇಳಿದ್ದ: ಬಲಾತ್ಕಾರ ಸಿಂಹದ ಗುಣ, ಮೋಸ ನರಿಯ ಗುಣ, ಎರಡೂ ಮನುಷ್ಯನಿಗೆ ತಕ್ಕದ್ದಲ್ಲ, ಅದರಲ್ಲೂ ಮೋಸ ಹೆಚ್ಚು ಹೇಯ ಎಂದು. ವಿದ್ಯಾವಂತರೆಲ್ಲ ಓದಿದ್ದ ಈ ಮಾತನ್ನು ಮೆಕಿಯಾವೆಲ್ಲಿ 18ನೇ ಅಧ್ಯಾಯದಲ್ಲಿ ತಿರುವಿಹಾಕಿದ. ರಾಜನಿಗೆ ಎರಡೂ ಗುಣ ಬೇಕು. ಸಿಂಹಕ್ಕೆ ಬಲೆ ಕಾಣುವುದಿಲ್ಲ, ನರಿಗೆ ತೋಳಗಳನ್ನು ಓಡಿಸಲಾಗುವುದಿಲ್ಲ. ಎಲ್ಲರೂ ಒಳ್ಳೆಯವರಾಗಿದ್ದರೆ ಈ ಉಪದೇಶ ತಪ್ಪಾಗುತ್ತಿತ್ತು, ಹಾಗಿಲ್ಲವಲ್ಲ ಎನ್ನುವುದು ಅವನ ವಾದ. ಕೊಟ್ಟ ಮಾತು ಕುತ್ತಿಗೆಗೆ ಬಂದಾಗ ಜಾಣ ರಾಜ ಅದನ್ನು ಉಳಿಸಿಕೊಳ್ಳಬಾರದು, ಆದರೆ ಸತ್ಯವಂತನಂತೆ ಕಾಣಬೇಕು. ನಮ್ಮ ಪಂಚತಂತ್ರದ ನರಿಗಳನ್ನು ಬಲ್ಲ ನಮಗೆ ಇದು ಹೊಸತೇನಲ್ಲ. ದುರ್ಗಸಿಂಹ ಅದನ್ನು ಹನ್ನೊಂದನೇ ಶತಮಾನದಲ್ಲೇ ಕನ್ನಡಕ್ಕೆ ತಂದಿದ್ದ.

ಇನ್ನೆರಡು ಶಬ್ದಗಳನ್ನು ತಿಳಿಯಬೇಕು. 'ವಿರ್ತೂ' ಮತ್ತು 'ಫೊರ್ತೂನಾ'. ವಿರ್ತೂ ಎಂದರೆ ಸದ್ಗುಣವಲ್ಲ, ಕಾಲಕ್ಕೆ ತಕ್ಕಂತೆ ಗಟ್ಟಿಯಾಗಿ ನಿಂತು ಕೆಲಸ ಮಾಡುವ ಕೆಚ್ಚು. ಫೊರ್ತೂನಾ ಎಂದರೆ ಅದೃಷ್ಟ. ನಮ್ಮ ಅರ್ಧ ಬದುಕು ಅದೃಷ್ಟದ ಕೈಯಲ್ಲಿ, ಅರ್ಧ ನಮ್ಮ ಕೈಯಲ್ಲಿ ಎನ್ನುತ್ತಾನೆ. ಅದೃಷ್ಟ ಹೊಳೆಯ ಪ್ರವಾಹವಿದ್ದ ಹಾಗೆ. ಬಂದಾಗ ತಡೆಯಲಾಗದು, ಆದರೆ ಬೇಸಿಗೆಯಲ್ಲೇ ಒಡ್ಡು ಕಟ್ಟಿಕೊಳ್ಳಬಹುದು.

ಅವನು ಹೇಳದ ಮಾತು

'ಗುರಿ ಒಳ್ಳೆಯದಾದರೆ ಯಾವ ಮಾರ್ಗವಾದರೂ ಸರಿ' ಎಂಬ ಮಾತು ಮೆಕಿಯಾವೆಲ್ಲಿಯದೆಂದು ಎಲ್ಲರೂ ಹೇಳುತ್ತಾರೆ. ಆ ರೂಪದಲ್ಲಿ ಅವನು ಅದನ್ನು ಎಲ್ಲೂ ಬರೆದಿಲ್ಲ. ಮೇಲ್ಮನವಿ ಸಲ್ಲಿಸಲು ಬೇರೆ ನ್ಯಾಯಾಲಯ ಇಲ್ಲದ ಕಡೆ ಜನ ಫಲವನ್ನೇ ನೋಡುತ್ತಾರೆ ಎಂಬರ್ಥದಲ್ಲಿ ಬರೆದಿದ್ದಾನೆ. ಜನ ಹೀಗೆ ತೂಗುತ್ತಾರೆ ಎನ್ನುವುದು ಬೇರೆ, ಹೀಗೆ ತೂಗುವುದೇ ನ್ಯಾಯ ಎನ್ನುವುದು ಬೇರೆ.

ಎಂಟನೇ ಅಧ್ಯಾಯವನ್ನಂತೂ ಬೈಯುವವರು ಓದುವುದೇ ಇಲ್ಲ. ಅಲ್ಲಿ ಒಲಿವೆರೊತ್ತೊನ ಕತೆಯೂ ಸಿಸಿಲಿಯ ಹಳೆಯ ಸರ್ವಾಧಿಕಾರಿ ಅಗಾಥೊಕ್ಲಿಸನ ಕತೆಯೂ ಬರುತ್ತವೆ. ತನ್ನ ಊರಿನವರನ್ನು ಕೊಲ್ಲುವುದು, ಗೆಳೆಯರಿಗೆ ದ್ರೋಹ ಮಾಡುವುದು, ನಿಯತ್ತು ಕರುಣೆ ಇಲ್ಲದಿರುವುದು, ಇವನ್ನು ವಿರ್ತೂ ಎನ್ನಲಾಗದು. ಇವುಗಳಿಂದ ರಾಜ್ಯ ಸಿಕ್ಕೀತು, ಕೀರ್ತಿ ಸಿಗದು ಎನ್ನುತ್ತಾನೆ. ಆದರೆ ಚೆಸರೆಯನ್ನು ಹೊಗಳುತ್ತಾನೆ. ಇದರಲ್ಲಿ ವಿರೋಧಾಭಾಸ ಇದೆ ಎಂಬುದು ನಿಜ. ಓದಿದವರು ಇಂದಿಗೂ ಇದರ ಬಗ್ಗೆ ಜಗಳಾಡುತ್ತಾರೆ.

ಅವನ ಇನ್ನೊಂದು ದೊಡ್ಡ ಗ್ರಂಥ ಲಿವಿಯ ರೋಮನ್ ಇತಿಹಾಸದ ಮೇಲಿನ ಪ್ರವಚನಗಳು. ಕೆಳಗಿನಿಂದ ಮೇಲೇರುವವರು ಬಲಕ್ಕಿಂತ ಮೋಸವನ್ನೇ ಹೆಚ್ಚು ಬಳಸುತ್ತಾರೆ ಎಂದು ಅಲ್ಲೂ ಹೇಳುತ್ತಾನೆ. ಜತೆಗೆ, ಕಾನೂನಿಗೆ ಒಳಪಟ್ಟ ಜನಸಮೂಹ ಒಬ್ಬ ರಾಜನಿಗಿಂತ ಹೆಚ್ಚು ವಿವೇಕಿ ಎಂದೂ ವಾದಿಸುತ್ತಾನೆ. 'ಪ್ರಿನ್ಸ್' ಬರೆದ ಕೈಯೇ ಇದನ್ನು ಬರೆದದ್ದು. ಅದಕ್ಕೇ ರೂಸೊ 1762ರಲ್ಲಿ, ಮೆಕಿಯಾವೆಲ್ಲಿ ರಾಜರಿಗೆ ಪಾಠ ಹೇಳುವ ನೆಪದಲ್ಲಿ ಜನರಿಗೆ ದೊಡ್ಡ ಪಾಠ ಹೇಳಿದ ಎಂದ.

ಬೈದವರು, ಬಳಸಿದವರು

'ಪ್ರಿನ್ಸ್' ಅಚ್ಚಾದದ್ದು 1532ರಲ್ಲಿ, ಲೇಖಕ ಸತ್ತು ಐದು ವರ್ಷವಾದ ಮೇಲೆ. 1559ರಲ್ಲಿ ಚರ್ಚು ಅವನ ಪುಸ್ತಕಗಳನ್ನು ನಿಷೇಧದ ಪಟ್ಟಿಗೆ ಹಾಕಿತು. ಎಲ್ಲಕ್ಕಿಂತ ಸ್ವಾರಸ್ಯದ ಪ್ರಸಂಗ ಪ್ರಶ್ಯದ್ದು. ಅಲ್ಲಿನ ಯುವರಾಜ ಫ್ರೆಡರಿಕ್ ಮೆಕಿಯಾವೆಲ್ಲಿಯನ್ನು ಖಂಡಿಸಿ ಒಂದು ಪುಸ್ತಕ ಬರೆದ. ವೋಲ್ಟೇರ್ ಅದನ್ನು ತಿದ್ದಿ 1740ರಲ್ಲಿ ಪ್ರಕಟಿಸಿದ. ಅದೇ ವರ್ಷ ಪಟ್ಟಕ್ಕೆ ಬಂದ ಫ್ರೆಡರಿಕ್ ಡಿಸೆಂಬರಿನಲ್ಲಿ ನೆರೆಯ ಸೈಲೀಸಿಯಾ ಪ್ರಾಂತ್ಯದ ಮೇಲೆ ದಂಡೆತ್ತಿ ಹೋದ! ನರಿಯನ್ನು ಬೈಯುವುದೂ ನರಿಯ ಒಂದು ಉಪಾಯವೇ.

ನಮ್ಮ ನಾಡಿಗೂ ಈ ಕತೆಯ ಒಂದು ಎಳೆ ಇದೆ. ಚಾಣಕ್ಯನನ್ನು ಮೆಕಿಯಾವೆಲ್ಲಿಗೆ ಹೋಲಿಸುವುದು ಈಗ ಸಾಮಾನ್ಯ. ಆದರೆ ಅರ್ಥಶಾಸ್ತ್ರದ ಪೂರ್ಣ ಪಾಠ ಬಹುಕಾಲ ಕಣ್ಮರೆಯಾಗಿತ್ತು. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟ ತಾಳೆಗರಿಯಲ್ಲಿ ಅದನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು, 1905ರಲ್ಲಿ. 1909ರಲ್ಲಿ ಅಚ್ಚುಮಾಡಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. 1919ರಲ್ಲಿ ಜರ್ಮನ್ ಚಿಂತಕ ಮ್ಯಾಕ್ಸ್ ವೆಬರ್, ಅರ್ಥಶಾಸ್ತ್ರದ ಮುಂದೆ 'ಪ್ರಿನ್ಸ್' ಏನೂ ಅಲ್ಲ, ಸಾಧು ಪುಸ್ತಕ ಎಂಬರ್ಥದ ಮಾತಾಡಿದ. ಇಬ್ಬರಲ್ಲೂ ಕಪಟಕ್ಕೆ ಜಾಗವಿದೆ. ಆದರೆ ಪ್ರಜೆಗಳ ಸುಖದಲ್ಲೇ ರಾಜನ ಸುಖ ಎಂಬ ನೆಲೆಯ ಮೇಲೆ ಕೌಟಿಲ್ಯ ನಿಂತಿದ್ದರೆ, ಜನರ ದ್ವೇಷ ಕಟ್ಟಿಕೊಂಡವನಿಗೆ ಯಾವ ಕೋಟೆಯೂ ರಕ್ಷಣೆಯಲ್ಲ ಎಂಬ ಎಚ್ಚರಿಕೆಯ ಮೇಲೆ ಮೆಕಿಯಾವೆಲ್ಲಿ ನಿಂತಿದ್ದಾನೆ. ಹೊಗಳುವವರಾಗಲಿ ಬೈಯುವವರಾಗಲಿ ಈ ಭಾಗಗಳನ್ನು ಬಿಟ್ಟೇ ಓದುತ್ತಾರೆ.

ಕೊನೆಯ ಮಾತು

ಕುತಂತ್ರದ ಬಗ್ಗೆ ಇಷ್ಟು ಬರೆದ ಮನುಷ್ಯ ಸ್ವಂತ ಜೀವನದಲ್ಲಿ ಕುತಂತ್ರಿಯಾಗಲಿಲ್ಲ. ಹದಿನಾಲ್ಕು ವರ್ಷ ಸರ್ಕಾರದ ದುಡ್ಡು ಕೈಯಲ್ಲಿ ಓಡಾಡಿದರೂ ಬಡವನಾಗಿಯೇ ಉಳಿದ. ತನ್ನ ಬಡತನವೇ ತನ್ನ ಪ್ರಾಮಾಣಿಕತೆಗೆ ಸಾಕ್ಷಿ ಎಂದು ಅದೇ ಕಾಗದದಲ್ಲಿ ಬರೆದುಕೊಂಡಿದ್ದಾನೆ. 1527ರ ಮೇ ತಿಂಗಳಲ್ಲಿ ಮೆಡಿಚಿಗಳು ಮತ್ತೆ ಓಡಿದರು, ಗಣರಾಜ್ಯ ಮರಳಿತು. ತನ್ನ ಹಳೆಯ ಹುದ್ದೆ ಸಿಗುತ್ತದೆಂದು ಆಸೆಪಟ್ಟ. ಇವನು ಮೆಡಿಚಿಗಳ ಕೈಕೆಳಗೆ ದುಡಿದವನು ಎಂದು ಕೊಡಲಿಲ್ಲ. ಆ ಮನೆತನದವರು ಗಣರಾಜ್ಯದವನೆಂದು ಹೊರಗಿಟ್ಟರು, ಗಣರಾಜ್ಯದವರು ಆ ಮನೆತನದವನೆಂದು ಹೊರಗಿಟ್ಟರು. ಜೂನ್ 21ರಂದು ತೀರಿಹೋದ.

ಇನ್ನು ಆ ಹುಡುಗನ ಪ್ರಶ್ನೆ: ಮೋಸ ಮಾಡಿದರೆ ತಪ್ಪಿಲ್ಲವೇ? ಇತಿಹಾಸ ಕೊಡುವ ಉತ್ತರ ನನಗೆ ಕಾಣುವುದು ಹೀಗೆ. ಕುತಂತ್ರದಿಂದ ಅಧಿಕಾರ ಸಿಗುವುದಿಲ್ಲ ಎಂದು ಮಕ್ಕಳಿಗೆ ಹೇಳಿದರೆ ಅದು ಸುಳ್ಳಾಗುತ್ತದೆ. ಸಿಗುತ್ತದೆ, ಬೇಕಾದಷ್ಟು ಸಲ ಸಿಕ್ಕಿದೆ. ಆದರೆ ಕುತಂತ್ರ ಗೊತ್ತಿರುವವನು ತಾನೊಬ್ಬನೇ ಎಂದು ತಿಳಿದವನು ಸೆನಿಗಾಲಿಯಾದ ಒಳಕೋಣೆಗೆ ನಡೆದುಕೊಂಡೇ ಹೋಗುತ್ತಾನೆ. ಒಲಿವೆರೊತ್ತೊನನ್ನು ಚೆಸರೆ ನುಂಗಿದ, ಚೆಸರೆಯನ್ನು ಜೂಲಿಯಸ್ ನುಂಗಿದ. ಇವರ ನಡುವೆ ಹಾಳಾದದ್ದು ರೊಮಾನ್ಯಾದ, ಪ್ರಾತೊದ ಸಾಮಾನ್ಯ ಜನ. ಅವರ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ.

ನರಿಗೆ ಬಲೆ ಕಾಣುತ್ತದೆ ಎಂದು ಮೆಕಿಯಾವೆಲ್ಲಿ ಹೇಳಿದ್ದು ರಾಜನಿಗೆ. ಬಲೆ ಕಾಣಬೇಕಾದದ್ದು ರಾಜನಿಗಿಂತ ಹೆಚ್ಚಾಗಿ ಪ್ರಜೆಗೆ. ನಗುನಗುತ್ತ ಕೈ ಹಿಡಿಯುವವನ ಎರಡೂ ಮಗ್ಗುಲಿಗೆ ಯಾರು ನಿಂತಿದ್ದಾರೆ ಎಂದು ನೋಡುವ ಅಭ್ಯಾಸ ನಮ್ಮ ಮಕ್ಕಳಿಗೆ ಬಂದರೆ, ಆ ಒಂದು ಅಂಕದ ಪಾಠ ಸಾರ್ಥಕ.